ಅಕ್ಕನ ಮಾತಿನ ಶಾರ್ಟ್‌ಕಟ್‌ಗಳು

ನನ್ನ ಅಕ್ಕ ಬಸ್ ಕಂಡಕ್ಟರ್ ಆಗಿದ್ದಳು. ಶಿವಾಜಿನಗರದ ನಿಲ್ದಾಣದಿಂದ ಹೊರಟು, ಹಲಸೂರು ದಾಟಿ, ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರ ಸೇರುವ ಬಸ್ಸಿನಲ್ಲಿ ಹದಿನಾರು ವರ್ಷ ಟಿಕೆಟ್ ಕೊಟ್ಟವಳು. ಅವಳದು ದೊಡ್ಡ ಗಂಟಲು. ಹಿಂಬಾಗಿಲ ಹತ್ತಿರ ನಿಂತು ‘ಹೋಲ್ಡಾನ್’ ಎಂದರೆ ಸಾಕು, ಡ್ರೈವರಿಗೆ ಸೀಟಿ ಬೇಕಾಗುತ್ತಿರಲಿಲ್ಲ. ಹಲಸೂರಿನ ತಮಿಳು ಅಜ್ಜಿಯರಿಗೆ ತಮಿಳಿನಲ್ಲಿ, ರಸೆಲ್ ಮಾರ್ಕೆಟ್ಟಿನಿಂದ ಚೀಲ ಹೊತ್ತು ಹತ್ತುವವರಿಗೆ ದಖನಿ ಉರ್ದುವಿನಲ್ಲಿ, ಕಿವಿಗೆ ವೈರು ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಲ್ಲುವ ಆಫೀಸಿನವರಿಗೆ ಇಂಗ್ಲಿಷಿನಲ್ಲಿ ಬೈಯುತ್ತಿದ್ದಳು. ಮನೆಗೆ ಬಂದ ಮೇಲೂ ಆ ಗಂಟಲು ತಗ್ಗುತ್ತಿರಲಿಲ್ಲ. ನಮ್ಮದು ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಮೊದಲ ಮಹಡಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಅವಳು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಡುತ್ತಾ ‘ಅನ್ನಕ್ಕಿಟ್ಟಿದೀಯೇನೇ?’ ಎಂದು ಕೇಳಿದರೆ ಎದುರುಮನೆಯವರಿಗೂ ಕೇಳಿಸುತ್ತಿತ್ತು.

ನನಗೂ ಅವಳಿಗೂ ಹನ್ನೆರಡು ವರ್ಷದ ಅಂತರ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು. ಆಮೇಲೆ ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಡಿಪ್ಲೊಮಾ ಓದಿಸಿದ್ದು ಎಲ್ಲ ಅವಳೇ. ‘ತಂಗಿ ನನ್ ಜೊತೆನೇ ಇರ್ತಾಳೆ’ ಎಂದು ಮೊದಲೇ ಹೇಳಿ ಮದುವೆಯಾದಳು. ಭಾವ ಅದೇ ಡಿಪೋದಲ್ಲಿ ಡ್ರೈವರು, ಮಾತು ಕಡಿಮೆ. ಅವರಿಗೆ ಒಬ್ಬಳೇ ಮಗಳು. ನಾನು ಮದುವೆಯಾಗಲಿಲ್ಲ. ಹೀಗೆ ನಾವು ನಾಲ್ಕು ಜನ ಆ ಎರಡು ಕೋಣೆಗಳಲ್ಲಿ ಬಹಳ ವರ್ಷ ಇದ್ದೆವು.

ನನಗೆ ಮಹದೇವಪುರದ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಸರಿಮಾಡುವ ಕೆಲಸ. ಸಾಫ್ಟ್‌ವೇರ್ ಬರೆಯುವವರು ಬೇರೆ, ಅವರ ಯಂತ್ರ ಕೆಟ್ಟಾಗ ಮೇಜಿನ ಕೆಳಗೆ ತೂರುವವಳು ನಾನು. ಈಚೆಗೆ ಹಳೆಯ ಆಪರೇಟಿಂಗ್ ಸಿಸ್ಟಂ ತೆಗೆದು ಎಲ್ಲ ಯಂತ್ರಗಳಿಗೂ ಹೊಸದನ್ನು ಹಾಕಬೇಕಾಗಿ ಬಂತು. ಹಾಕುವುದು ಸುಲಭ, ಆಮೇಲಿನದು ಕಷ್ಟ. ಬೆಳಿಗ್ಗೆ ಬಂದು ಕೂತವರು ಪರದೆ ನೋಡಿ ಕೂಗಿಕೊಳ್ಳುತ್ತಿದ್ದರು. ದಿನಾ ಒತ್ತುತ್ತಿದ್ದ ಚಿತ್ರಗಳ ಜಾಗದಲ್ಲಿ ಬಿಳಿ ಕಾಗದದಂಥ ಚಿಹ್ನೆ. ಒತ್ತಿದರೆ, ಇದು ತೋರಿಸುವ ವಸ್ತು ಅಲ್ಲಿಲ್ಲ ಎಂಬ ಸಂದೇಶ. ಪ್ರೋಗ್ರಾಮು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋಗಿರುತ್ತದೆ, ಶಾರ್ಟ್‌ಕಟ್ಟು ಮಾತ್ರ ಹಳೆಯ ದಾರಿಯನ್ನೇ ತೋರಿಸುತ್ತಿರುತ್ತದೆ. ಒಂದೊಂದನ್ನೂ ತೆರೆದು ದಾರಿ ತಿದ್ದಬೇಕು. ನಾನು ಅದಕ್ಕೊಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಂಡೆ. ಅದು ಎಲ್ಲ ಶಾರ್ಟ್‌ಕಟ್ಟುಗಳನ್ನೂ ಓದಿ, ಮೂಲ ಎಲ್ಲಿದೆಯೆಂದು ಹುಡುಕಿ, ತಾನೇ ತಿದ್ದಿಬಿಡುತ್ತಿತ್ತು. ಆಫೀಸಿನಲ್ಲಿ ನನಗೆ ಒಳ್ಳೆಯ ಹೆಸರು ಬಂತು. ಕೆಲವರು ಅಪ್‌ಗ್ರೇಡಿಗೆ ಮೊದಲು ಶಾರ್ಟ್‌ಕಟ್ಟುಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡು, ಫೈಲುಗಳೇ ಬಂದವೆಂದು ತಿಳಿಯುತ್ತಿದ್ದರು. ಅಂಥವರ ಬಗ್ಗೆ ಊಟದ ಹೊತ್ತಿನಲ್ಲಿ ನಾನು ನಗಾಡಿದ್ದುಂಟು.

ಇನ್ನು ಅಕ್ಕನ ಕಾಯಿಲೆಯ ವಿಷಯ. ಅದು ನಾಲಿಗೆಯಿಂದ ಶುರುವಾಯಿತು. ಒಂದು ಬೆಳಿಗ್ಗೆ ಸ್ಟಾಪಿನ ಹೆಸರು ಕೂಗುವಾಗ ‘ಟಿನ್ ಫ್ಯಾಕ್ಟರಿ’ ಎನ್ನುವುದು ಬಾಯಲ್ಲಿ ಹೊರಳಲಿಲ್ಲ. ಹಲ್ಲಿನ ತೊಂದರೆ ಇರಬೇಕು ಅಂದುಕೊಂಡಳು. ಒಂದು ತಿಂಗಳಲ್ಲಿ ‘ರ’ ಹೋಯಿತು, ಆಮೇಲೆ ‘ಳ’. ಇಂದಿರಾನಗರದ ಹತ್ತಿರ ಇಳಿಯಬೇಕಿದ್ದ ಒಬ್ಬ ಗಂಡಸು ಇಡೀ ಬಸ್ಸಿಗೆ ಕೇಳುವಂತೆ, ‘ಬೆಳಿಗ್ಗೆನೇ ಹಾಕ್ಕೊಂಡ್ ಬಂದಿದಾಳೆ ನೋಡ್ರೀ’ ಎಂದನಂತೆ. ಯಾರೋ ಫೋನಿನಲ್ಲಿ ವಿಡಿಯೊ ಮಾಡಿದರಂತೆ. ಅಕ್ಕ ಉತ್ತರ ಕೊಡಲು ಬಾಯಿ ತೆರೆದಿದ್ದಾಳೆ, ಮಾತು ಇನ್ನಷ್ಟು ತೊದಲಿದೆ, ಜನ ನಕ್ಕಿದ್ದಾರೆ. ಅವತ್ತು ಅವಳು ಮೆಟ್ಟಿಲ ಬುಡದಲ್ಲಿ ಏನೂ ಕೂಗದೆ ಮೇಲೆ ಬಂದು, ಯೂನಿಫಾರ್ಮ್ ಸೀರೆಯಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತಳು.

ನರರೋಗದ ಆಸ್ಪತ್ರೆಯಲ್ಲಿ ಪರೀಕ್ಷೆಗಳು ಮುಗಿದ ಮೇಲೆ ಡಾಕ್ಟರು ಭಾವನನ್ನೂ ನನ್ನನ್ನೂ ಕೂರಿಸಿ ಹೇಳಿದರು: ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಸಾಯುತ್ತವೆ. ಮೊದಲು ಮಾತು, ಆಮೇಲೆ ಕೈಕಾಲು, ಕೊನೆಗೆ ಉಸಿರು. ಬುದ್ಧಿಗೆ ಏನೂ ಆಗುವುದಿಲ್ಲ. ವಾಸಿ ಮಾಡುವ ಔಷಧಿ ಇಲ್ಲ. ಅಲ್ಲೇ ಪಕ್ಕದ ಕೋಣೆಯಲ್ಲಿ ಮಾತಿನ ತೊಂದರೆಗಳನ್ನು ನೋಡುವ ಹೆಂಗಸೊಬ್ಬರು ನನಗೆ ಒಂದು ಪಟ್ಟಿ ಕೊಟ್ಟು, ‘ದನಿ ಇರೋವಾಗ್ಲೇ ರೆಕಾರ್ಡ್ ಮಾಡಿಟ್ಕೊಳ್ಳಿ. ತಡ ಮಾಡ್ಬೇಡಿ’ ಎಂದರು.

ಎರಡು ಭಾನುವಾರ ರೆಕಾರ್ಡ್ ಮಾಡಿದೆವು. ಫ್ಯಾನ್ ಆಫ್ ಮಾಡಿ, ಕಿಟಕಿಗೆ ಕಂಬಳಿ ಕಟ್ಟಿ, ಅಕ್ಕನ ಬಾಯಿಯ ಹತ್ತಿರ ನನ್ನ ಫೋನು ಹಿಡಿದು ಕೂತೆ. ಆದರೂ ಕೆಳಗೆ ಸ್ಕೂಟರಿನ ಹಾರನ್ನು, ಒಮ್ಮೆ ಆಜಾನು, ಒಮ್ಮೆ ಸೊಪ್ಪಿನವಳ ಕೂಗು ನುಸುಳಿಬಿಟ್ಟವು. ಅಕ್ಕನ ಮಾತು ಆಗಲೇ ತೊದಲುತ್ತಿತ್ತು, ಆದರೆ ದನಿ ಅವಳದೇ. ಒಂದೊಂದು ವಾಕ್ಯವನ್ನೂ ಮೂರು ನಾಲ್ಕು ಸಲ ಹೇಳಿ, ಚೆನ್ನಾಗಿ ಬಂದದ್ದನ್ನು ಉಳಿಸಿಕೊಂಡೆವು. ‘ಬಾಯಿ ಒದ್ದೆ ಮಾಡು.’ ‘ಮಗ್ಗುಲು ತಿರುಗ್ಸು.’ ‘ಕಾಲು ನೋಯ್ತಿದೆ.’ ‘ಯಾರಾದ್ರೂ ಬನ್ರೀ ಇಲ್ಲಿ.’ ಪಟ್ಟಿಯಲ್ಲಿ ಇಲ್ಲದ್ದನ್ನೂ ಅವಳು ಸೇರಿಸಿದಳು. ಭಾವನಿಗೆ, ‘ಆ ಟಿವಿ ಆಫ್ ಮಾಡ್ರೀ, ತಲೆ ಸಿಡೀತಿದೆ.’ ಮಗಳಿಗೆ, ‘ಎದ್ದೇಳೇ, ಕಾಲೇಜಿಗೆ ಲೇಟಾಗುತ್ತೆ.’ ನನಗೆ, ‘ಊಟ ಆಯ್ತೇನೇ?’

ಕೊನೆಯಲ್ಲಿ, ‘ಹೋಲ್ಡಾನ್ ಅಂತಾನೂ ಹಾಕು, ನೀವ್ಗಳು ಕೈ ಎಳೆದಾಡೋವಾಗ ಬೇಕಾಗುತ್ತೆ’ ಎಂದಳು. ಹೋಲ್ಡಾನ್ ಹೇಳಲು ಹೋಗಿ ನಾಲಿಗೆ ಹೊರಳದೆ ಅದು ‘ಹೋಡಾ’ ಆಯಿತು. ಅಕ್ಕನಿಗೇ ನಗು ಬಂತು. ಮಗಳೂ ನಕ್ಕಳು, ಇಬ್ಬರೂ ನಿಲ್ಲಿಸಲಾರದೆ ನಕ್ಕರು. ಫೋನು ಓಡುತ್ತಲೇ ಇತ್ತು. ಆ ನಗುವನ್ನೂ ನಾನು ಅಳಿಸದೆ ಇಟ್ಟುಕೊಂಡೆ.

ಒಟ್ಟು ನಲವತ್ತಾರು ತುಣುಕುಗಳಾದವು. ಅವನ್ನು ಮನೆಯ ಹಳೆಯ ಲ್ಯಾಪ್‌ಟಾಪಿಗೆ ಹಾಕಿದೆ. ಡಿಸ್ಕಿನಲ್ಲಿ ‘ಅಕ್ಕನ ಮಾತು’ ಎಂದೊಂದು ಫೋಲ್ಡರು ಮಾಡಿ, ಅದರೊಳಗೆ ಎಲ್ಲ ಇಟ್ಟು, ಪರದೆಯ ಮೇಲೆ ಒಂದೊಂದಕ್ಕೂ ಒಂದೊಂದು ಶಾರ್ಟ್‌ಕಟ್ ಮಾಡಿದೆ. ಲೋಟ, ಕಾಲು, ಫ್ಯಾನು ಎಂದು ದೊಡ್ಡ ದೊಡ್ಡ ಚಿತ್ರಗಳು. ಅದೇ ಪರದೆಯಲ್ಲಿ ಹಾಡಿನ ಪ್ರೋಗ್ರಾಮು, ಸುದ್ದಿ, ಇಸ್ಪೀಟಿನ ಆಟ. ಕೈಗಳು ಸೋತ ಮೇಲೆ ಅಕ್ಕನ ಬಲಗೈಯ ಎರಡು ಬೆರಳು ಮಾತ್ರ ಅಲ್ಲಾಡುತ್ತಿದ್ದವು. ಅವುಗಳ ಕೆಳಗೆ, ಮೇಲೆ ಗುಂಡು ಇರುವ ಒಂದು ಮೌಸ್ ಇಟ್ಟೆ. ಗುಂಡು ಉರುಳಿಸಿ ಚಿತ್ರದ ಮೇಲೆ ನಿಲ್ಲಿಸಿದರೆ ಸಾಕು, ದನಿ ಬರುತ್ತಿತ್ತು.

ಸುಮಾರು ಎರಡು ವರ್ಷ ಅಕ್ಕ ಹಾಗೆ ಮಾತಾಡಿದಳು. ಬಾಯಿ ಮುಚ್ಚಿಯೇ ಇರುತ್ತಿತ್ತು, ಆದರೆ ಕೋಣೆಯಿಂದ ಅವಳ ದನಿ ಬರುತ್ತಿತ್ತು. ನಾವು ಅಡುಗೆಮನೆಯಿಂದ ‘ಬಂದೆ ಅಕ್ಕ’, ‘ಬಂದೆ ಕಣೇ’ ಎನ್ನುತ್ತಿದ್ದೆವು. ಹಗಲು ಭಾವ ಡ್ಯೂಟಿಗೆ, ಮಗಳು ಕಾಲೇಜಿಗೆ, ನಾನು ಆಫೀಸಿಗೆ ಹೋದ ಮೇಲೆ ಮಧ್ಯೆ ಮೂರು ತಾಸು ಅವಳು ಒಬ್ಬಳೇ. ಒಂದು ಸ್ಪೀಕರನ್ನು ಮೆಟ್ಟಿಲ ಕಡೆಗೆ ತಿರುಗಿಸಿ ಇಟ್ಟಿದ್ದೆವು. ‘ಯಾರಾದ್ರೂ ಬನ್ರೀ ಇಲ್ಲಿ’ ಎಂದರೆ ಕೆಳಮನೆಯ ಓನರ್ ಆಂಟಿ ಮೇಲೆ ಬರುತ್ತಿದ್ದರು.

ಹಳೆಯ ಸಿಸ್ಟಂಗೆ ಇನ್ನು ಬೆಂಬಲವಿಲ್ಲ ಎಂಬ ಸೂಚನೆ ಬರತೊಡಗಿದ್ದು ಆಗ. ಮೊದಮೊದಲು ಪರದೆಯ ಮೂಲೆಯಲ್ಲಿ ಬಂದು ಹೋಗುತ್ತಿತ್ತು. ಆಮೇಲೆ ಒಂದು ದಿನ ಇಡೀ ಪರದೆಯನ್ನು ಮುಚ್ಚಿಕೊಂಡು ನಿಂತಿತು. ಅದನ್ನು ತೆಗೆಯಲು ತೀರ ಕೆಳಗಿನ ಒಂದು ಸಣ್ಣ ಅಕ್ಷರದ ಸಾಲನ್ನು ಒತ್ತಬೇಕಿತ್ತು. ಅಕ್ಕನ ಬೆರಳಿಗೆ ಅದು ಸಿಗಲಿಲ್ಲ. ಅದೇ ಹೊತ್ತಿಗೆ ಗಂಟಲಲ್ಲಿ ಕಫ ಕಟ್ಟಿದೆ. ಕರೆಯಲು ಚಿತ್ರವೇ ಕಾಣುತ್ತಿಲ್ಲ. ಮಗಳು ಕಾಲೇಜಿನಿಂದ ಬರುವ ಹೊತ್ತಿಗೆ ಅವಳ ಮುಖ ಕಪ್ಪಿಟ್ಟಿತ್ತು, ಕಣ್ಣು ಮೇಲೆ ಸಿಕ್ಕಿಕೊಂಡಿದ್ದವು. ಮಗಳು ಕಫ ತೆಗೆಯುವ ಯಂತ್ರ ಹಾಕಿ ಹೇಗೋ ಉಳಿಸಿಕೊಂಡಳು.

ಸಂಜೆ ಅವಳು ನನ್ನ ಮುಂದೆ ಲ್ಯಾಪ್‌ಟಾಪ್ ತಂದಿಟ್ಟಳು. ‘ಚಿಕ್ಕಮ್ಮ, ಇದನ್ನ ಏನಾದ್ರೂ ಮಾಡಿ. ಇನ್ನೊಂದ್ ಸಲ ಹಿಂಗಾದ್ರೆ ಅಮ್ಮ ಉಳಿಯಲ್ಲ.’

‘ಈ ಭಾನುವಾರ ಹೊಸ ಸಿಸ್ಟಂ ಹಾಕ್ಬಿಡ್ತೀನಿ’ ಎಂದೆ.

ಭಾನುವಾರ ಬೆಳಿಗ್ಗೆ ಅಕ್ಕನ ಮಂಚದ ಪಕ್ಕದಲ್ಲೇ ಕೂತು ಕೆಲಸ ಶುರುಮಾಡಿದೆ. ಹಳೆಯದರ ಮೇಲೇ ಹೊಸದನ್ನು ಹಾಕಲು ಡಿಸ್ಕಿನಲ್ಲಿ ಜಾಗ ಸಾಲಲಿಲ್ಲ. ಎರಡು ಸಲ ಅರ್ಧಕ್ಕೆ ನಿಂತಿತು. ಪೂರ್ತಿ ಒರೆಸಿ ಹೊಸದಾಗಿ ಹಾಕುವುದೇ ಸರಿ ಎನ್ನಿಸಿತು. ಅದಕ್ಕೆ ಮೊದಲು ಪರದೆಯ ಮೇಲಿದ್ದದ್ದೆಲ್ಲ, ಡಾಕ್ಯುಮೆಂಟು, ಫೋಟೊ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡೆ.

ಮಗಳು ಬಾಗಿಲಲ್ಲಿ ನಿಂತು ಕೇಳಿದಳು, ‘ಅಮ್ಮನ ವಾಯ್ಸ್ ಎಲ್ಲಾ ತಗೊಂಡ್ರಾ?’

‘ತಗೊಂಡೆ.’

‘ಒಂದ್ಸಲ ಪೆನ್‌ಡ್ರೈವ್‌ನಲ್ಲಿ ಪ್ಲೇ ಮಾಡಿ ನೋಡೋಣ್ವಾ?’

‘ದಿನಾ ಇದೇ ಕೆಲ್ಸ ಮಾಡೋಳು ಕಣೇ ನಾನು. ನೀನ್ ಹೋಗಿ ಓದ್ಕೋ ಹೋಗು.’

ಅವಳು ಹೋದಳು. ನಾನು ಡಿಸ್ಕು ಒರೆಸಿದೆ.

ಹೊಸ ಸಿಸ್ಟಂ ಕೂತಿತು. ಪೆನ್‌ಡ್ರೈವಿನಿಂದ ಶಾರ್ಟ್‌ಕಟ್ಟುಗಳನ್ನು ತಂದು ಪರದೆಯ ಮೇಲೆ ಸುರಿದೆ. ಎಲ್ಲವೂ ಬಿಳಿ ಕಾಗದಗಳಾಗಿ ಬಂದವು. ನನಗೇನೂ ಅನ್ನಿಸಲಿಲ್ಲ, ಆ ವಾರ ಅಂಥವನ್ನು ಬೇಕಾದಷ್ಟು ನೋಡಿದ್ದೆ. ‘ಎರಡು ನಿಮಿಷ ಅಕ್ಕ’ ಎಂದು ಹೇಳಿ ಸ್ಕ್ರಿಪ್ಟ್ ಓಡಿಸಿದೆ. ಹಾಡಿನ ಪ್ರೋಗ್ರಾಮು, ಇಸ್ಪೀಟು, ಸುದ್ದಿ, ಹೊಸ ಸಿಸ್ಟಂ ಜೊತೆಗೇ ಬಂದಿದ್ದ ಮೂರೂ ಸರಿಹೋದವು. ಉಳಿದ ನಲವತ್ತಾರಕ್ಕೂ ಅದು ‘ಮೂಲ ಸಿಗಲಿಲ್ಲ’ ಎಂದು ಸಾಲುಸಾಲಾಗಿ ಬರೆಯುತ್ತಾ ಹೋಯಿತು. ಒಂದನ್ನು ತೆರೆದು ದಾರಿ ನೋಡಿದೆ. ‘ಅಕ್ಕನ ಮಾತು’ ಎಂಬ ಫೋಲ್ಡರು. ಅದನ್ನು ನಾನು ಡಾಕ್ಯುಮೆಂಟಿನೊಳಗೆ ಇಟ್ಟಿರಲಿಲ್ಲ, ಫೋಟೊಗಳ ಜೊತೆಗೂ ಇಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಅವಸರದಲ್ಲಿ ಡಿಸ್ಕಿನ ಮೇಲ್ಮಟ್ಟದಲ್ಲೇ ಮಾಡಿಟ್ಟು ಮರೆತುಬಿಟ್ಟಿದ್ದೆ. ಪೆನ್‌ಡ್ರೈವಿಗೆ ಬಂದದ್ದು ಆ ಫೋಲ್ಡರಿಗೆ ದಾರಿ ತೋರಿಸುವ ಶಾರ್ಟ್‌ಕಟ್ಟುಗಳು ಮಾತ್ರ. ದನಿ ಡಿಸ್ಕಿನಲ್ಲಿತ್ತು, ಡಿಸ್ಕನ್ನು ಒರೆಸಿದವಳು ನಾನೇ.

ರೆಕಾರ್ಡ್ ಮಾಡಿದ ಫೋನು ಒಡೆದುಹೋದಾಗ ಹೊಸ ಫೋನಿಗೆ ಬದಲು ಕೊಟ್ಟುಬಿಟ್ಟಿದ್ದೆ. ಲ್ಯಾಪ್‌ಟಾಪಿನಲ್ಲಿ ಇದೆಯಲ್ಲ ಎಂಬ ಧೈರ್ಯ. ಬೇರೆಲ್ಲೂ ಪ್ರತಿ ಇರಲಿಲ್ಲ.

ಅಕ್ಕ ನನ್ನನ್ನೇ ನೋಡುತ್ತಿದ್ದಳು. ಮುಖದ ಸ್ನಾಯು ಸತ್ತಿದ್ದರೂ ಅವಳ ಕಣ್ಣಿಗೆ ಎಲ್ಲ ತಿಳಿಯುತ್ತಿತ್ತು.

‘ಸ್ವಲ್ಪ ಟೈಮ್ ತಗೊಳ್ಳುತ್ತೆ ಅಕ್ಕ’ ಎಂದೆ. ಅವಳಿಗೆ ನಾನು ಸುಳ್ಳು ಹೇಳಿದ್ದು ಅದು ಮೊದಲಲ್ಲ, ಆದರೆ ಎದುರು ಕೂತು, ಅವಳು ತಿರುಗಿ ಕೇಳಲಾರಳು ಎಂದು ಗೊತ್ತಿದ್ದೂ ಹೇಳಿದ್ದು ಅದೇ ಮೊದಲು.

ಅವತ್ತಿಡೀ ಕಳೆದ ಫೈಲು ಹುಡುಕುವ ಎಷ್ಟೋ ಪ್ರೋಗ್ರಾಮು ಓಡಿಸಿದೆ. ಏನೂ ಸಿಗಲಿಲ್ಲ. ಸೋಮವಾರ ಆಫೀಸಿಗೆ ರಜೆ ಹಾಕಿ, ಲ್ಯಾಪ್‌ಟಾಪನ್ನು ಇಂದಿರಾನಗರದಲ್ಲಿ ಇದೇ ಕಸುಬು ಮಾಡುವ ಒಂದು ಅಂಗಡಿಗೆ ಒಯ್ದೆ. ಬುಧವಾರ ಬನ್ನಿ ಎಂದರು. ಆ ಮೂರು ದಿನ ಅಕ್ಕನಿಗೆ ಯಾವ ಮಾತೂ ಇರಲಿಲ್ಲ. ಕಣ್ಣು ಒಮ್ಮೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಅಲ್ಲ. ನಾವು ಕೇಳಿದ್ದಕ್ಕಷ್ಟೇ ಅವಳು ಉತ್ತರ ಕೊಡಬಹುದಿತ್ತು.

ಮಂಗಳವಾರ ಮಧ್ಯಾಹ್ನ ಭಾವ ಅವಳನ್ನು ಮಗ್ಗುಲು ತಿರುಗಿಸುವಾಗ ಎಡಗೈ ಬೆನ್ನಿನ ಕೆಳಗೆ ಮಡಚಿ ಸಿಕ್ಕಿಕೊಂಡಿದ್ದನ್ನು ಕಂಡರು. ಬೆಳಿಗ್ಗೆ ಬಟ್ಟೆ ಬದಲಿಸಿ ಮಲಗಿಸಿದವಳು ನಾನು. ಐದು ತಾಸು ಕೈ ಹಾಗೇ ಇತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ನೀಲಿಗಟ್ಟಿತ್ತು. ನೋವು ತಿಳಿಯದ ಕಾಯಿಲೆಯಲ್ಲ ಅದು. ಎಲ್ಲ ನೋವೂ ತಿಳಿಯುತ್ತದೆ.

ಸಂಜೆ ನಾನು ಆಫೀಸಿನಿಂದ ಬಂದಾಗ ಭಾವ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಾ ನನ್ನ ಕಡೆ ನೋಡದೆ ಕೇಳಿದರು, ‘ಯಾವಾಗ್ ರೆಡಿ ಆಗುತ್ತಮ್ಮ ಅದು?’

‘ನಾಳೆ ಭಾವ.’

ಬುಧವಾರ ಅಂಗಡಿಯವರು ಲ್ಯಾಪ್‌ಟಾಪ್ ವಾಪಸ್ ಕೊಟ್ಟರು. ‘ಹಳೇ ಥರದ ಡಿಸ್ಕ್ ಆಗಿದ್ರೆ ಏನಾದ್ರೂ ಟ್ರೈ ಮಾಡ್ಬಹುದಿತ್ತು ಮೇಡಂ. ಇದ್ರಲ್ಲಿ ಒರೆಸಿದ್ರೆ ಒರೆಸಿದ್ದೇ. ನಿಮಗೂ ಗೊತ್ತಿರ್ಬೇಕಲ್ಲ, ಇದೇ ಫೀಲ್ಡ್ ಅಂದ್ರಿ.’ ಗೊತ್ತಿತ್ತು. ಆದರೂ ಯಾರಾದರೂ ಬೇರೆಯವರು ಬಾಯಿಬಿಟ್ಟು ಹೇಳಲಿ ಎಂದು ಕಾಯುತ್ತಿದ್ದೆ. ಅಲ್ಲಿಂದ ಹಲಸೂರಿನವರೆಗೆ ನಡೆದೇ ಬಂದೆ.

ಮನೆಯಲ್ಲಿ ಮೂವರೂ ಇದ್ದರು. ನಿಂತುಕೊಂಡೇ ಹೇಳಿಬಿಟ್ಟೆ. ‘ಅಕ್ಕ, ನಿನ್ ವಾಯ್ಸ್ ಎಲ್ಲಾ ಹೋಯ್ತು. ನಾನೇ ಅಳಿಸ್ಬಿಟ್ಟೆ. ಕಾಪಿ ತಗೊಂಡಿದೀನಿ ಅಂದ್ಕೊಂಡೆ, ತಗೊಂಡಿರ್ಲಿಲ್ಲ. ಇನ್ ಸಿಗಲ್ಲ.’

ಭಾವ ಗೋಡೆಗೆ ಒರಗಿದರು. ಮಗಳು ನನ್ನ ಮುಂದೆ ಬಂದು ನಿಂತಳು. ‘ನಾನ್ ಕೇಳಿದ್ನಲ್ಲ? ಪ್ಲೇ ಮಾಡಿ ನೋಡೋಣ ಅಂದ್ನಲ್ಲ?’

‘ಅಂದೆ.’

‘ಓದ್ಕೋ ಹೋಗು ಅಂದ್ರಿ.’

ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಅಕ್ಕ ಕಣ್ಣು ಬಡಿಯುತ್ತಿದ್ದಳು, ಏನೋ ಹೇಳಬೇಕೆಂಬ ಗುರುತು ಅದು. ಭಾವ ಗೋಡೆಯ ಮೊಳೆಯಿಂದ ಅಕ್ಷರದ ಹಲಗೆ ತೆಗೆದರು. ಆಸ್ಪತ್ರೆಯವರು ಕೊಟ್ಟಿದ್ದ, ನಾವು ಬಳಸುವುದನ್ನೇ ಬಿಟ್ಟಿದ್ದ ಕನ್ನಡ ವರ್ಣಮಾಲೆ. ಒಂದೊಂದು ಸಾಲಿನ ಮೇಲೂ ಬೆರಳು ಓಡಿಸಿದರೆ ಬೇಕಾದಲ್ಲಿ ಅವಳು ಕಣ್ಣು ಮುಚ್ಚಬೇಕು. ಎರಡು ಅಕ್ಷರಕ್ಕೆ ಎಷ್ಟೋ ಹೊತ್ತು ಹಿಡಿಯಿತು. ಮೊದಲು ‘ನ’. ಆಮೇಲೆ ‘ಗು’.

‘ನಗು’ ಎಂದು ಭಾವ ಓದಿದರು. ಅವರಿಗೆ ಅರ್ಥವಾಗಲಿಲ್ಲ. ನನಗೆ, ಮಗಳಿಗೆ ಆಯಿತು.

‘ಅದೂ ಹೋಯ್ತು ಅಕ್ಕ’ ಎಂದೆ.

ಅವಳು ಕಣ್ಣು ಮುಚ್ಚಿಕೊಂಡಳು. ಹೌದು ಎನ್ನುವುದಕ್ಕೆ ಮುಚ್ಚಿದ್ದಲ್ಲ. ಬಹಳ ಹೊತ್ತು ತೆರೆಯಲೇ ಇಲ್ಲ.

ಆ ಸಂಜೆಯೇ ನಾನು ಲ್ಯಾಪ್‌ಟಾಪಿನಲ್ಲಿ ಯಂತ್ರದ ದನಿ ಹಾಕಿದೆ. ಬರೆದುಕೊಟ್ಟದ್ದನ್ನು ಓದುವ ದನಿ, ವಾರ್ತೆ ಓದುವವರ ಥರದ ಒಬ್ಬ ಹೆಂಗಸಿನದು. ನಲವತ್ತಾರು ವಾಕ್ಯಗಳನ್ನೂ ಅದರಲ್ಲಿ ಮಾಡಿ, ಹಳೆಯ ಚಿತ್ರಗಳನ್ನೇ ಹಾಕಿ, ಶಾರ್ಟ್‌ಕಟ್ಟುಗಳನ್ನು ಹಿಂದಿದ್ದ ಜಾಗದಲ್ಲೇ ಜೋಡಿಸಿದೆ. ಯಾವುದು ಎಲ್ಲಿತ್ತು ಎಂಬುದು ಅವಳ ಬೆರಳಿಗೆ ಅಭ್ಯಾಸವಾಗಿತ್ತು. ಪರದೆ ನೋಡಲು ಮೊದಲಿನ ಹಾಗೇ ಆಯಿತು. ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟು, ಬೆರಳನ್ನು ಗುಂಡಿನ ಮೇಲಿಟ್ಟೆ. ಅವಳು ಬೆರಳು ಅಲ್ಲಾಡಿಸಲಿಲ್ಲ.

ನಾಲ್ಕು ದಿನ ಮುಟ್ಟಲಿಲ್ಲ. ನಾವು ಕೇಳಿ ಕೇಳಿ ಮಾಡಿದೆವು. ನಾನು ಕೇಳಿದರೆ ಅವಳು ಹೌದು ಅಲ್ಲ ಎಂದೂ ಹೇಳುತ್ತಿರಲಿಲ್ಲ, ಮಗಳು ಕೇಳಿದರೆ ಹೇಳುತ್ತಿದ್ದಳು. ನನ್ನ ಮೇಲೆ ಅವಳು ಹಾಗೆ ಮುನಿಸಿಕೊಂಡಿದ್ದು ಜೀವಮಾನದಲ್ಲೇ ಇಲ್ಲ. ಐದನೆಯ ದಿನ ನಾನು ಹೊರಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಒಳಗಿನಿಂದ ಯಾರೋ ಅಪರಿಚಿತ ಹೆಂಗಸು ಶುದ್ಧವಾಗಿ, ‘ಬಾಯಿ ಒದ್ದೆ ಮಾಡು’ ಎಂದಳು. ಎದ್ದು ಓಡಿದೆ. ಅಕ್ಕನ ಬೆರಳು ಗುಂಡಿನ ಮೇಲಿತ್ತು. ಒದ್ದೆ ಬಟ್ಟೆ ತುಟಿಗೆ ಹಿಡಿದೆ. ಅವಳು ಸೂರಿನ ಕಡೆ ನೋಡುತ್ತಿದ್ದಳು.

ಆಮೇಲೆ ಆ ದನಿಯನ್ನು ಅವಳು ಬಳಸಿದಳು, ಬೇಕಾದಾಗ ಮಾತ್ರ. ನಮ್ಮಲ್ಲೂ ಒಂದು ಬದಲಾವಣೆ ಆಯಿತು, ಅದನ್ನು ನಾನು ಗಮನಿಸಿದ್ದು ತಡವಾಗಿ. ಆ ದನಿ ಕರೆದರೆ ನಾವು ‘ಬಂದೆ’ ಎನ್ನುತ್ತಿರಲಿಲ್ಲ. ಸುಮ್ಮನೆ ಎದ್ದು ಹೋಗಿ ಕೆಲಸ ಮಾಡಿ ಬರುತ್ತಿದ್ದೆವು, ಅಷ್ಟೆ. ಮಗಳನ್ನು ಬೆಳಿಗ್ಗೆ ಎಬ್ಬಿಸುವ ಚಿತ್ರವನ್ನು ಅಕ್ಕ ಒಂದು ದಿನವೂ ಒತ್ತಲಿಲ್ಲ.

ಅವಳ ಹಳೆಯ ದನಿ ಎಲ್ಲಾದರೂ ಉಳಿದಿದೆಯೇ ಎಂದು ನಾನು ಬೀದಿ ಬೀದಿ ಅಲೆದೆ ಎಂದರೂ ತಪ್ಪಿಲ್ಲ. ಅವಳ ಜೊತೆ ಕೆಲಸ ಮಾಡಿದ ಹೆಂಗಸರ ಮನೆಗಳಿಗೆ ಹೋದೆ. ಶಿವಾಜಿನಗರದ ನಿಲ್ದಾಣದಲ್ಲಿ ನಿಂತು ಡ್ಯೂಟಿ ಮುಗಿಸಿ ಇಳಿದವರನ್ನು ಕೇಳಿದೆ. ಹೆಂಗಸರೇ ಮಾಡಿಕೊಂಡಿದ್ದ ಒಂದು ಗ್ರೂಪಿನಲ್ಲಿ ಹಳೆಯ ವಾಯ್ಸ್ ಮೆಸೇಜುಗಳಿದ್ದವು. ಒಬ್ಬರು ಫೋನನ್ನೇ ನನ್ನ ಕೈಗೆ ಕೊಟ್ಟು, ‘ನೀವೇ ಹುಡುಕ್ಕೊಳ್ಳಿ, ನಂಗೆ ಕೇಳಕ್ಕಾಗಲ್ಲ’ ಎಂದು ದೂರ ಹೋಗಿ ನಿಂತರು. ಕಾಯಿಲೆಗೆ ಮೊದಲಿನ ದನಿ, ತೊದಲು ಇಲ್ಲದ್ದು. ಡ್ಯೂಟಿ ಬದಲಾಯಿಸುವ ಬಗ್ಗೆ ಜಗಳ, ಯಾರಿಗೋ ಮಗುವಾಗಿದ್ದಕ್ಕೆ ಹಾರೈಕೆ, ಮೆಜೆಸ್ಟಿಕ್ಕಿನಲ್ಲಿ ಕೊಡೆ ಮರೆತದ್ದು. ಅವುಗಳಿಂದ ಕತ್ತರಿಸಿ ತೆಗೆದಾಗ ಒಂಬತ್ತು ಮಾತು ಸಿಕ್ಕವು. ‘ಬೇಡ.’ ‘ಸಾಕು.’ ‘ಆಯ್ತು ಬಿಡು.’ ‘ಎಲ್ಲಿದೀಯೇ?’ ಅಂಥವು. ಬಾಯಿ ಒಣಗಿದೆ, ಕಾಲು ನೋಯುತ್ತಿದೆ ಎಂದು ಆರೋಗ್ಯವಾಗಿದ್ದ ಹೆಂಗಸು ಯಾರಿಗೂ ಮೆಸೇಜು ಕಳಿಸಿರುವುದಿಲ್ಲ. ನಗು ಎಲ್ಲೂ ಇರಲಿಲ್ಲ.

ಆ ಒಂಬತ್ತಕ್ಕೂ ಶಾರ್ಟ್‌ಕಟ್ ಮಾಡಿದೆ. ಈ ಸಲ ಫೈಲುಗಳನ್ನು ಮೂರು ಕಡೆ ಇಟ್ಟು, ಮೂರನ್ನೂ ಮಗಳ ಮುಂದೆಯೇ ಓಡಿಸಿ ತೋರಿಸಿದೆ. ಅವಳು ಮೂರನ್ನೂ ಕೊನೆಯವರೆಗೆ ಕೇಳಿಸಿಕೊಂಡಳು. ಅಕ್ಕ ಮೊದಲನೆಯದನ್ನು ಒತ್ತಿದಾಗ, ಆರೋಗ್ಯದ ದಿನಗಳ ಆ ದೊಡ್ಡ ಗಂಟಲು ‘ಬೇಡ’ ಎಂದು ಕೋಣೆಯನ್ನೆಲ್ಲ ತುಂಬಿತು. ಭಾವ ಎದ್ದು ಬಾಲ್ಕನಿಗೆ ಹೋದರು. ಅಕ್ಕ ಅದನ್ನು ಮತ್ತೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಏನನ್ನಾದರೂ ಬೇಡ ಎನ್ನುತ್ತಿದ್ದಾಳೋ, ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಾಳೋ, ನಮಗೆ ತಿಳಿಯಲಿಲ್ಲ. ಆಮೇಲೆ ಆ ಒಂಬತ್ತನ್ನೂ ಅವಳು ಅಷ್ಟಾಗಿ ಬಳಸಲಿಲ್ಲ.

ನನ್ನ ಜೊತೆ ಮುನಿಸು ನಿಧಾನವಾಗಿ ಕಡಿಮೆಯಾಯಿತು. ಪೂರ್ತಿ ಹೋಯಿತೇ ಎಂದು ಕೇಳಿದರೆ ಹೇಳಲಾರೆ. ಒಂದು ಮಧ್ಯಾಹ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಯಂತ್ರದ ದನಿಯಲ್ಲಿ, ‘ಊಟ ಆಯ್ತೇನೇ’ ಎಂದಳು. ‘ಆಯ್ತಕ್ಕ’ ಎಂದೆ. ಅಷ್ಟೇ ನಡೆದದ್ದು.

ಮಳೆಗಾಲ ಶುರುವಾಗುವ ಹೊತ್ತಿಗೆ ಉಸಿರು ಕೆಟ್ಟಿತು. ಗಂಟಲಿಗೆ ತೂತು ಮಾಡಿ ಯಂತ್ರಕ್ಕೆ ಜೋಡಿಸಬಹುದು ಎಂದು ಡಾಕ್ಟರು ಹೇಳಿದರು. ಅಕ್ಕ ಕಣ್ಣನ್ನು ಎರಡು ಸಲ ಮುಚ್ಚಿದಳು. ಭಾವ ಮತ್ತೆ ಕೇಳಿದರು, ಅವಳು ಮತ್ತೆ ಎರಡು ಸಲ ಮುಚ್ಚಿದಳು. ಅಕ್ಷರದ ಹಲಗೆ ತರಿಸಿ, ‘ಮನೆ’ ಎಂದಳು. ಕರೆದುಕೊಂಡು ಬಂದೆವು.

ಅವಳು ತೀರಿಕೊಂಡ ದಿನ ನಾನು ಆಫೀಸಿನಲ್ಲಿದ್ದೆ. ಬೆಳಿಗ್ಗೆ ಹೋಗುವಾಗ ಚೆನ್ನಾಗಿಯೇ ಇದ್ದಾಳೆ ಎನ್ನಿಸಿತ್ತು. ಹನ್ನೊಂದರ ಹೊತ್ತಿಗೆ ಭಾವನ ಫೋನು ಬಂತು, ‘ಬಂದ್ಬಿಡಮ್ಮ’ ಎಂದಷ್ಟೇ ಹೇಳಿದರು. ಮಹದೇವಪುರದಲ್ಲಿ ರಾತ್ರಿಯ ಮಳೆಯ ನೀರು ಇನ್ನೂ ಇಳಿದಿರಲಿಲ್ಲ, ರಿಂಗ್ ರಸ್ತೆಯಲ್ಲಿ ಗಾಡಿಗಳು ನಿಂತೇ ಇದ್ದವು. ಕ್ಯಾಬಿನಿಂದ ಇಳಿದು ಮೊಣಕಾಲುದ್ದದ ನೀರಿನಲ್ಲಿ ನಡೆದು, ಕೆ.ಆರ್. ಪುರದಲ್ಲಿ ಮೆಟ್ರೊ ಹಿಡಿದು ಮನೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳು ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿದ್ದಳು. ಯಾರೋ ಲ್ಯಾಪ್‌ಟಾಪ್ ಮುಚ್ಚಿ ಬೀರುವಿನ ಮೇಲೆ ಇಟ್ಟಿದ್ದರು.

‘ಕೊನೇಲಿ ಏನಾದ್ರೂ ಹೇಳಿದ್ಲಾ?’ ಎಂದು ಕೇಳಿದೆ.

‘ಏನೂ ಒತ್ಲಿಲ್ಲ’ ಎಂದಳು ಮಗಳು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ಕೆಲವು ವಾರಗಳಾದ ಮೇಲೆ, ಅಕ್ಕನ ಗುರುತಿನ ಚೀಟಿ, ಚೀಲ ಒಪ್ಪಿಸಿ ಕೆಲವು ಕಾಗದಗಳಿಗೆ ಸಹಿ ಹಾಕಲು ಡಿಪೋಗೆ ಹೋಗಬೇಕಾಯಿತು. ಭಾವ, ‘ದಿನಾ ಡ್ಯೂಟಿಗೆ ಹೋಗೋ ಜಾಗನೇ, ಆದ್ರೆ ಅವಳ ಚೀಲ ಹಿಡ್ಕೊಂಡು ಅಲ್ಲಿ ನಿಲ್ಲಕ್ಕೆ ನಂಗಾಗಲ್ಲ, ನೀವಿಬ್ರು ಹೋಗ್ಬನ್ನಿ’ ಎಂದರು. ಮಗಳೂ ನಾನೂ ಹೋದೆವು. ಲ್ಯಾಪ್‌ಟಾಪಿನ ಆ ಬುಧವಾರದಿಂದ ಅವಳು ನನ್ನ ಜೊತೆ ಆಡಿದ್ದು ಕೆಲಸದ ಮಾತು ಮಾತ್ರ. ಔಷಧಿ ಕೊಟ್ಟಾಯ್ತು, ಗ್ಯಾಸ್ ಬಂತು, ಬಟ್ಟೆ ಒಣಗಿದೆ. ಡಿಪೋದಲ್ಲಿ ಅಕ್ಕನ ಜೊತೆಯವರು ನಮ್ಮನ್ನು ತಬ್ಬಿಕೊಂಡರು, ಕೂರಿಸಿ ಟೀ ಕೊಟ್ಟರು. ಒಬ್ಬರು ಮಗಳ ಗಲ್ಲ ಹಿಡಿದು, ‘ನಿನ್ ಚಿಕ್ಕಮ್ಮ ನಿಮ್ಮಮ್ಮಂಗೆ ಎಷ್ಟು ಮಾಡಿದ್ರು ಗೊತ್ತಾ? ದನಿ ಹುಡುಕ್ಕೊಂಡು ನಮ್ ಮನೆಗೆಲ್ಲ ಬಂದಿದ್ರು’ ಎಂದರು. ಮಗಳು ತಲೆಯಾಡಿಸಿದಳು. ಆ ದನಿಯನ್ನು ಯಾಕೆ ಹುಡುಕಬೇಕಾಯಿತು ಎಂದು ಅವರಿಗೆ ನಾನು ಹೇಳಿರಲಿಲ್ಲ. ಅವಳೂ ಹೇಳಲಿಲ್ಲ.

ಹೊರಗೆ ಬಂದು ಸ್ವಲ್ಪ ದೂರ ನಡೆದೆವು. ಫುಟ್‌ಪಾತಿನಲ್ಲಿ ಅವಳು ನಿಂತಳು.

‘ಚಿಕ್ಕಮ್ಮ.’

‘ಹೇಳು.’

‘ನೀವು ಬೇಕಂತ ಮಾಡಿಲ್ಲ ಅಂತ ಗೊತ್ತು. ಅಮ್ಮಂಗೂ ಗೊತ್ತಿತ್ತು. ಆದ್ರೂ ನಂಗೆ ಕೋಪ ಹೋಗ್ತಿಲ್ಲ. ಟ್ರೈ ಮಾಡ್ದೆ, ಹೋಗ್ತಿಲ್ಲ.’

‘ಇರ್ಲಿ.’

‘ಅಮ್ಮ ನಕ್ಕಿದ್ದು ಹೆಂಗಿತ್ತು ಅಂತ ನೆನಪ್ ಮಾಡ್ಕೊಳಕ್ ಹೋದ್ರೆ, ನಾನ್ ನಕ್ಕಿದ್ದೇ ನೆನಪಾಗುತ್ತೆ.’

ಅವಳ ಹೆಗಲು ಮುಟ್ಟಲು ಕೈ ಎತ್ತಿದೆ, ಮುಟ್ಟಲಿಲ್ಲ. ಮನೆಯಲ್ಲಿ ಅಕ್ಕಿ ಮುಗಿದಿತ್ತು. ದಾರಿಯಲ್ಲಿ ಇಳಿದು ತೆಗೆದುಕೊಂಡು ಹೋಗೋಣ ಎಂದು ಅವಳೇ ಅಂದಳು.